ಟ್ಯಾಂಕರ್ ನೀರಿನ ನಿಜವಾದ ಬೆಲೆ ಎಷ್ಟು?

ಮಕ್ಕಳೇ, ಅರ್ಥಶಾಸ್ತ್ರ ಎಂದರೆ ಬ್ಯಾಂಕು, ಷೇರು, ಬಜೆಟ್ಟು ಎಂದು ಅನೇಕರು ತಿಳಿದಿದ್ದಾರೆ. ಅದು ದೊಡ್ಡವರ ವಿಷಯ, ಕಾಲೇಜಿಗೆ ಹೋದಾಗ ಓದಿದರಾಯಿತು ಎನ್ನುವವರೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಹೆಬ್ಬಗೋಡಿಯಂತಹ ಊರಿನಲ್ಲಿ ಬೆಳೆಯುವ ಮಕ್ಕಳು ಅರ್ಥಶಾಸ್ತ್ರದ ಮೊದಲ ಪಾಠವನ್ನು ಈಗಲೇ ಕಲಿಯಬೇಕು. ಅದಕ್ಕೆ ಬೇಕಾದ ಪುಸ್ತಕ ನಿಮ್ಮ ಬೀದಿಗೇ ಬಂದು ನಿಲ್ಲುತ್ತದೆ. ಅದೇ ನೀರಿನ ಟ್ಯಾಂಕರ್.

ಅರ್ಥಶಾಸ್ತ್ರ ಹುಟ್ಟುವುದು ಕೊರತೆಯಿಂದ. ನಮಗೆ ಬೇಕಾದದ್ದು ಹೆಚ್ಚು, ಸಿಗುವುದು ಕಡಿಮೆ. ಹಾಗಾದಾಗ ಯಾರಿಗೆ, ಎಷ್ಟು, ಯಾವ ಬೆಲೆಗೆ ಎಂಬ ಪ್ರಶ್ನೆಗಳು ಏಳುತ್ತವೆ. ನೀರಿಲ್ಲದೆ ಬದುಕಲಾಗದು, ವಜ್ರವಿಲ್ಲದೆ ಬದುಕಬಹುದು. ಆದರೂ ವಜ್ರ ಏಕೆ ದುಬಾರಿ? ಸ್ಕಾಟ್ಲೆಂಡಿನ ಆಡಮ್ ಸ್ಮಿತ್ 1776ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಒಗಟನ್ನು ಚರ್ಚಿಸಿದ್ದಾರೆ. ವಸ್ತುವಿನ ಉಪಯೋಗ ಒಂದು, ಅದರ ಬೆಲೆ ಇನ್ನೊಂದು. ಹೇರಳವಾಗಿ ಸಿಗುವುದು ಅಗ್ಗ, ವಿರಳವಾದದ್ದು ದುಬಾರಿ.

ಈಗ ನಮ್ಮೂರಿಗೆ ಬನ್ನಿ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಡಿಪಾಯ ಹಾಕಿತು. ಬೊಮ್ಮಸಂದ್ರ, ಜಿಗಣಿಗಳಲ್ಲೂ ಕೈಗಾರಿಕೆಗಳು ಬೆಳೆದವು. ಕೆಲಸ ಹುಡುಕಿಕೊಂಡು ಜನ ಬಂದರು. ರಾಗಿ ಹೊಲಗಳಿದ್ದ ಕಡೆ ಬಾಡಿಗೆ ಮನೆಗಳ ಸಾಲು ಎದ್ದಿತು. 2025ರ ಆಗಸ್ಟ್‌ನಲ್ಲಿ ಮೆಟ್ರೋ ಕೂಡ ಬಂದಿತು. ಹೀಗೆ ನೀರಿನ ಬೇಡಿಕೆ ಏರುತ್ತಲೇ ಇದೆ. ಪೂರೈಕೆ? ನಾವು ಬಹುಮಟ್ಟಿಗೆ ನಂಬಿರುವುದು ಕೊಳವೆಬಾವಿಗಳನ್ನು. ಕೇಂದ್ರ ಅಂತರ್ಜಲ ಮಂಡಳಿ ಆನೇಕಲ್ ತಾಲ್ಲೂಕನ್ನು 'ಅತಿಬಳಕೆ'ಯ ಪಟ್ಟಿಗೆ ಸೇರಿಸಿದೆ. ಅಂದರೆ ಮಳೆಯಿಂದ ಭೂಮಿಗೆ ಇಂಗುವುದಕ್ಕಿಂತ ನಾವು ಮೇಲೆತ್ತುವುದೇ ಹೆಚ್ಚು.

ಬೇಡಿಕೆ ಏರಿ ಪೂರೈಕೆ ಇಳಿದರೆ ಬೆಲೆ ಏರುತ್ತದೆ. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಹಳ ದುಬಾರಿಯಾಯಿತು. ಆ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ತಾತ್ಕಾಲಿಕವಾಗಿ ದರ ನಿಗದಿ ಮಾಡಿತು. 5 ಕಿ.ಮೀ. ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000 ರೂಪಾಯಿ, ತೆರಿಗೆ ಬೇರೆ.

ಇದು ಸರಿಯೇ? ಬೆಲೆ ಏರಿದರೆ ಜನ ನೀರನ್ನು ಮಿತವಾಗಿ ಬಳಸುತ್ತಾರೆ, ಆದ್ದರಿಂದ ದರಕ್ಕೆ ಕಡಿವಾಣ ಬೇಡ ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ. ಆದರೆ ಸಿರಿವಂತರು ಕಾರು ತೊಳೆಯುವುದನ್ನು ಬಿಡಬಹುದು, ಬಡವರು ಏನನ್ನು ಬಿಡಬೇಕು? ಅನ್ನಕ್ಕಿಡುವ ನೀರನ್ನೇ? ಸಂಕಟದ ಕಾಲದಲ್ಲಿ ದರ ಕಟ್ಟಿದ್ದು ಸರಿ ಎಂದೇ ನನ್ನ ಭಾವನೆ. ಹಾಗೆಂದು ಆದೇಶದಿಂದ ಕೊಳವೆಬಾವಿಯಲ್ಲಿ ಒಂದು ತೊಟ್ಟು ನೀರೂ ಹೆಚ್ಚುವುದಿಲ್ಲ, ಇದನ್ನು ಮರೆಯಬಾರದು.

ಆ 600 ರೂಪಾಯಿಯಲ್ಲಿ ಏನೇನಿದೆ, ಬಿಡಿಸಿ ನೋಡಿ. ಡೀಸೆಲ್, ಚಾಲಕರ ಕೂಲಿ, ಪಂಪಿನ ವಿದ್ಯುತ್ತು, ಮಾಲೀಕರ ಲಾಭ. ಪಕ್ಕದ ತೋಟದ ಕೊಳವೆಬಾವಿ ಬತ್ತಿದ ನಷ್ಟ ಅದರಲ್ಲಿ ಇಲ್ಲ. ನಾಳೆ ಇನ್ನೂ ಆಳಕ್ಕೆ ಕೊರೆಸುವ ಖರ್ಚೂ ಇಲ್ಲ. ಕೊಳ್ಳುವವರೂ ಮಾರುವವರೂ ಕೊಡದೆ, ಮೂರನೆಯವರ ತಲೆಗೆ ಬೀಳುವ ಇಂತಹ ಖರ್ಚಿಗೆ 'ಬಾಹ್ಯ ವೆಚ್ಚ' ಎನ್ನುತ್ತಾರೆ. ಇಲ್ಲಿ ಆ ಮೂರನೆಯವರು ಯಾರು? ಮುಂದೆ ಇದೇ ಊರಿನಲ್ಲಿ ಬಾಳಬೇಕಾದ ನೀವೇ!

ಇನ್ನೊಂದು ಲೆಕ್ಕವೂ ಉಂಟು. ನೀರಿಗಾಗಿ ಕಾಯಲು ಅಮ್ಮ ಅರ್ಧ ದಿನ ಕೆಲಸ ಬಿಟ್ಟರೆ ಅಷ್ಟು ಕೂಲಿ ಹೋಯಿತು. ಅಕ್ಕ ಶಾಲೆ ತಪ್ಪಿಸಿದರೆ ಆ ದಿನದ ಪಾಠ ಹೋಯಿತು. ಒಂದನ್ನು ಪಡೆಯಲು ಬಿಟ್ಟುಕೊಟ್ಟ ಇನ್ನೊಂದರ ಬೆಲೆಯೇ 'ಅವಕಾಶ ವೆಚ್ಚ'. ಬಿಟ್ಟಿ ನಲ್ಲಿಯ ನೀರಿಗೂ ಈ ಬೆಲೆ ಇರುತ್ತದೆ.

ಹಾಗಾದರೆ ದಾರಿ ಏನು? ಎಲ್ಲರಿಗೂ ಸೇರಿದ ಸಂಪತ್ತನ್ನು ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಎಂದು ತೋರಿಸಿದವರು ಅಮೆರಿಕದ ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಅವರು, ಆ ಗೌರವ ಪಡೆದ ಮೊದಲ ಮಹಿಳೆ. ನಮ್ಮ ಸೀಮೆಯ ಕೆರೆಗಳಲ್ಲಿ ನೀರುಗಂಟಿಗಳು ಮಾಡುತ್ತಿದ್ದುದೂ ಇಂಥದ್ದೇ ಕೆಲಸ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವರು ನೋಡಿಕೊಳ್ಳುತ್ತಿದ್ದರು. ತೂಬು ಅವರ ಕೈಯಲ್ಲಿತ್ತು. ಇಂದು ಪ್ರತಿ ಕೊಳವೆಬಾವಿಯೂ ಒಂದೊಂದು ತೂಬು. ನೀರುಗಂಟಿ ಮಾತ್ರ ಇಲ್ಲ.

ನೀವು ಮಾಡಬಹುದಾದದ್ದೂ ಇದೆ. ಒಂದು ಚದರ ಮೀಟರ್ ಚಾವಣಿಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ಸುತ್ತ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆಯಾಗುತ್ತದೆ. 100 ಚದರ ಮೀಟರ್ ಚಾವಣಿಯಾದರೆ 90,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾಯಿತು ಎಂದುಕೊಂಡರೂ ಉಳಿಯುವುದು 72,000 ಲೀಟರ್, ಅಂದರೆ 6,000 ಲೀಟರಿನ 12 ಟ್ಯಾಂಕರ್! 2024ರ ದರದಲ್ಲಿ ಅದರ ಬೆಲೆ 7,200 ರೂಪಾಯಿ. ತೊಟ್ಟಿ ತುಂಬಿ ಮಿಕ್ಕಿದ್ದನ್ನು ಇಂಗುಗುಂಡಿಗೆ ಬಿಟ್ಟರೆ ಅದೂ ಉಳಿತಾಯವೇ.

ನಿಮ್ಮ ಶಾಲೆಯ ಚಾವಣಿಯನ್ನು ಅಳೆಯಿರಿ, ಲೆಕ್ಕ ಹಾಕಿ. ಪೈಪು, ಶೋಧಕ, ತೊಟ್ಟಿಗೆ ಎಷ್ಟಾಗುತ್ತದೆ, ಎಷ್ಟು ವರ್ಷದಲ್ಲಿ ಆ ಹಣ ಹಿಂದಿರುಗುತ್ತದೆ ಎಂದು ಗಣಿತದ ಶಿಕ್ಷಕರೊಡನೆ ಚರ್ಚಿಸಿ. ಆ ಹಾಳೆಯನ್ನು ಮುಂದಿನ ಎಸ್‌ಡಿಎಂಸಿ ಸಭೆಯ ಮುಂದಿಡಿ. ದೊಡ್ಡವರು ಮಾತನ್ನು ತಳ್ಳಿಹಾಕಬಹುದು, ಸರಿಯಾದ ಲೆಕ್ಕವನ್ನು ತಳ್ಳಿಹಾಕುವುದು ಕಷ್ಟ.