ಬಾಡಿಗೆ ಟರ್ಫಿನಲ್ಲಿ ಫಾರ್ವರ್ಡ್ ಹುಟ್ಟಲ್ಲ

ಮಾರಿಯೊ ಮಾಂಜುಕಿಚ್ ಯಾರು ಅಂತ ವೈಟ್‌ಫೀಲ್ಡಿನ ಯಾವ ಟರ್ಫಿನಲ್ಲಾದರೂ ಕೇಳಿ, ಉತ್ತರ ಸಿಗುತ್ತೆ. 2018ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ 109ನೇ ನಿಮಿಷದಲ್ಲಿ ಗೋಲು ಹೊಡೆದು ಇಂಗ್ಲೆಂಡನ್ನು ಮನೆಗೆ ಕಳಿಸಿದವನು. ಫೈನಲ್‌ನಲ್ಲಿ ಮೊದಲು ತನ್ನದೇ ತಂಡದ ಬಲೆಗೆ ಚೆಂಡು ಹಾಕಿ, ಆಮೇಲೆ ಫ್ರಾನ್ಸ್ ಮೇಲೂ ಒಂದು ಗೋಲು ಹೊಡೆದ ಕ್ರೊಯೇಷಿಯಾದ ಫಾರ್ವರ್ಡ್. ಬಯರ್ನ್, ಅಟ್ಲೆಟಿಕೊ, ಯುವೆಂಟಸ್ ಎಲ್ಲ ಆಡಿ 2021ರಲ್ಲಿ ನಿವೃತ್ತನಾದವನು. ಈಗ ಅದೇ ಟರ್ಫಿನಲ್ಲಿ ಅಹಮದ್ ಖಾನ್ ಯಾರು ಅಂತ ಕೇಳಿ. "ಯಾವ ಟೀಮು? ಟೆಸ್ಟಿಂಗಾ?" ಅಂತಾರೆ.

ಹಳೆಯ ಆಟಗಾರರ ಹೆಸರು ಗೊತ್ತಿಲ್ಲ ಅಂತ ನಾನು ಯಾರ ಜೊತೆಗೂ ಜಗಳಕ್ಕೆ ಹೋಗಲ್ಲ. ಹೆಸರು ಗೂಗಲ್ ಮಾಡಿದರೆ ಸಿಗುತ್ತೆ. ನನ್ನ ಜಗಳ ಬೇರೆ. ಮಾಂಜುಕಿಚ್‌ನ ಜರ್ಸಿ ಹಾಕಿಕೊಳ್ಳುವ ನಾವು, ಅಂಥ ಒಬ್ಬ ಫಾರ್ವರ್ಡ್ ಹೇಗೆ ತಯಾರಾಗುತ್ತಾನೆ ಅಂತ ನೋಡೋದೇ ಇಲ್ಲ. ನೋಡಿದ್ದರೆ, ಅದಕ್ಕೆ ಬೇಕಾದ ಎರಡು ವಸ್ತು ನಮ್ಮ ಈ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಲ್ಲಿ ಗೇಟಿನೊಳಗೆ ಸೇರಿಕೊಂಡಿವೆ ಅನ್ನೋದು ಕಾಣ್ತಿತ್ತು. ಒಂದು ಮೈದಾನ, ಇನ್ನೊಂದು ಸಂಬಳ.

ಅಹಮದ್ ಖಾನ್ ಬೆಂಗಳೂರಿನವರು. ಹುಟ್ಟಿದ್ದು 1926ರಲ್ಲಿ. ಅವರು ಚೆಂಡಾಟ ಕಲಿತ ಊರು ಫುಟ್‌ಬಾಲಿನ ಊರಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ, ಬ್ರಿಟಿಷ್ ಪಲ್ಟನ್‌ಗಳೇ ಗೆಲ್ಲುತ್ತಿದ್ದ ರೋವರ್ಸ್ ಕಪ್ ತಂದಿತು. ಹಾಗೆ ತಂದ ಮೊದಲ ಭಾರತೀಯ ತಂಡ ಅದು. ಅಹಮದ್ 1948ರಲ್ಲಿ ಲಂಡನ್ ಒಲಿಂಪಿಕ್ಸ್ ಆಡಿದರು. ಅಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ನಮ್ಮ ಊರಿನವರೇ. ಆಮೇಲೆ ಅಹಮದ್ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿ, ಆ ಕ್ಲಬ್ಬಿನ 'ಪಂಚಪಾಂಡವ'ರಲ್ಲಿ ಒಬ್ಬರಾದರು. 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಇದ್ದರು.

ಕ್ರೊಯೇಷಿಯಾ ಅಭಿಮಾನಿಗಳು 1952ರ ಹೆಲ್ಸಿಂಕಿ ಒಲಿಂಪಿಕ್ಸನ್ನು ಗಮನಿಸಬೇಕು. ಭಾರತದ ಎದುರಾಳಿ ಯುಗೊಸ್ಲಾವಿಯಾ. ಅದರ ಮುಂಪಡೆಯಲ್ಲಿ ಬ್ರಾಂಕೊ ಝೆಬೆಟ್ಸ್, ಬೆರ್ನಾರ್ಡ್ ವೂಕಾಸ್. ಇಬ್ಬರೂ ಕ್ರೊಯೇಷಿಯಾದ ಜಾಗ್ರೆಬ್‌ನಲ್ಲಿ ಹುಟ್ಟಿದವರು. ಭಾರತದ ಹಲವರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ ಯುಗೊಸ್ಲಾವಿಯಾ 10–1ರಿಂದ ಗೆದ್ದಿತು. ಆ '1' ಅಹಮದ್ ಖಾನ್ ಅವರದು. ಹಾಗೆ ನಮ್ಮನ್ನು ಚಚ್ಚಿದ ತಂಡ ಫೈನಲ್‌ವರೆಗೂ ಹೋಗಿ ಬೆಳ್ಳಿ ಪಡೆಯಿತು. ಝೆಬೆಟ್ಸ್ ಮುಂದೆ ಕೋಚ್ ಆಗಿ 1969ರಲ್ಲಿ ಬಯರ್ನ್ ಮ್ಯೂನಿಕ್‌ಗೆ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟರು. ಅಹಮದ್ ಖಾನ್ 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ. ಅವತ್ತು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಚರ್ಚೆಯಾಗಿದ್ದು ಯುರೋಪಿನ ಟ್ರಾನ್ಸ್‌ಫರ್ ವಿಂಡೋ.

"ಅವರಲ್ಲಿ ಪ್ರತಿಭೆ ಇದೆ, ನಮ್ಮಲ್ಲಿಲ್ಲ, ಅಷ್ಟೇ ಗುರು" ಅನ್ನೋರಿಗೆ ಮಾಂಜುಕಿಚ್‌ನ ಕಥೆಯನ್ನೇ ಹೇಳ್ತೀನಿ. ಹುಟ್ಟಿದ್ದು ಸ್ಲಾವೊನ್ಸ್ಕಿ ಬ್ರೋಡ್ ಅನ್ನೋ ಕೈಗಾರಿಕಾ ಪಟ್ಟಣದಲ್ಲಿ, ರೈಲು ಬೋಗಿ ತಯಾರಿಸುವ ಊರು ಅದು. ಅವನು ಚಿಕ್ಕವನಿದ್ದಾಗ ಯುದ್ಧ ಬಂತು, ಕುಟುಂಬ ಜರ್ಮನಿಗೆ ಓಡಿತು. ಅಲ್ಲಿ ಡಿಟ್ಸಿಂಗೆನ್ ಅನ್ನೋ ಸಣ್ಣ ಊರಿನ ಕ್ಲಬ್ಬು ನಿರಾಶ್ರಿತರ ಮಗನಿಗೂ ಜಾಗ ಕೊಟ್ಟಿತು. 1996ರಲ್ಲಿ ವಾಪಸ್ ಬಂದ ಮೇಲೆ ಊರಿನ ಮಾರ್ಸೋನಿಯಾ ಕ್ಲಬ್ಬು, ನಂತರ ಝೆಲ್ಯೆಝ್ನಿಚಾರ್ ಕ್ಲಬ್ಬು. ಆ ಹೆಸರಿನ ಅರ್ಥ 'ರೈಲ್ವೆ ಕಾರ್ಮಿಕ'! ಆಮೇಲಷ್ಟೇ ಜಾಗ್ರೆಬ್, ಜರ್ಮನಿ, ಸ್ಪೇನ್, ಇಟಲಿ. 2013ರ ಮತ್ತು 2017ರ ಚಾಂಪಿಯನ್ಸ್ ಲೀಗ್ ಫೈನಲ್ ಎರಡರಲ್ಲೂ ಗೋಲು ಹೊಡೆದ ಮನುಷ್ಯ ಮೆಟ್ಟಿಲು ಹತ್ತಲು ಶುರುಮಾಡಿದ್ದು ಸಣ್ಣ ಊರುಗಳ, ರೈಲ್ವೆ ಕಾರ್ಮಿಕರ ಮೈದಾನಗಳಲ್ಲಿ. ಕ್ರೊಯೇಷಿಯಾದ ಜನಸಂಖ್ಯೆ 39 ಲಕ್ಷದ ಆಸುಪಾಸು, ಬೆಂಗಳೂರಿನ ಅರ್ಧವೂ ಇಲ್ಲ. ಪ್ರತಿಭೆಯನ್ನು ತಲೆ ಎಣಿಸಿ ಹಂಚಿದ್ದರೆ ಗೆಲ್ಲಬೇಕಾದವರು ನಾವು.

ಅಂಥ ಕಾರ್ಮಿಕರ ಕ್ಲಬ್ಬು ನಮ್ಮಲ್ಲೂ ಇತ್ತು. ಕೆ.ಆರ್. ಪುರ ದಾಟಿ ವೈಟ್‌ಫೀಲ್ಡಿಗೆ ದಿನಾ ಹೋಗೋರು ದೂರವಾಣಿನಗರದ ಹೆಸರು ಕೇಳಿರ್ತೀರಿ. 1948ರಲ್ಲಿ ಶುರುವಾದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಇರೋದು ಅಲ್ಲೇ. 1977ರಲ್ಲಿ ದೇಶದ ಮೊಟ್ಟಮೊದಲ ಫೆಡರೇಶನ್ ಕಪ್ ನಡೆದಾಗ, ಫೈನಲ್‌ನಲ್ಲಿ ಮೋಹನ್ ಬಾಗಾನ್‌ನಂಥ ಮೋಹನ್ ಬಾಗಾನನ್ನು 1–0ರಿಂದ ಸೋಲಿಸಿದ್ದು ಫೋನು ತಯಾರಿಸುವ ಈ ಫ್ಯಾಕ್ಟರಿಯ ತಂಡ. ಎಚ್‌ಎಎಲ್ ತಂಡ 2012ರವರೆಗೂ ಐ-ಲೀಗ್ ಆಡಿತು. ಈ ಕಾರ್ಖಾನೆಗಳ ಲೆಕ್ಕ ಸರಳವಾಗಿತ್ತು. ಆಡುವ ಹುಡುಗನಿಗೆ ಕೆಲಸ, ಕೆಲಸದ ಜೊತೆ ಪ್ರಾಕ್ಟೀಸಿಗೆ ಸಮಯ, ಟೌನ್‌ಶಿಪ್ಪಿನಲ್ಲಿ ಮೈದಾನ. ಮೊಣಕಾಲು ಕೈಕೊಟ್ಟರೂ ಸಂಬಳ ನಿಲ್ಲಲ್ಲ, ಹಾಗಾಗಿ ಅಪ್ಪ ಅಮ್ಮ "ಆಡು ಮಗಾ" ಅಂತಿದ್ದರು. ಟೆಲಿಕಾಂ ಮಾರುಕಟ್ಟೆ ಬದಲಾಯಿತು, ಫ್ಯಾಕ್ಟರಿ ಸೊರಗಿತು. ಅದಕ್ಕೆ ನಾನು ಕಣ್ಣೀರು ಹಾಕ್ತಿಲ್ಲ. ಆದರೆ ಅದರ ಜಾಗಕ್ಕೆ ಬಂದ ಹೊಸ ದುಡ್ಡು ಏನು ಮಾಡಿತು?

ಎಲೆಕ್ಟ್ರಾನಿಕ್ ಸಿಟಿ ಎದ್ದಿದ್ದು ದೊಡ್ಡತೋಗೂರು, ಕೋನಪ್ಪನ ಅಗ್ರಹಾರದ ನೆಲದ ಮೇಲೆ. ಇವತ್ತು ಅಲ್ಲಿ ಹುಲ್ಲುಹಾಸಿನ ಮೈದಾನಗಳು ಕ್ಯಾಂಪಸ್ಸಿನೊಳಗಿವೆ, ಊರಿನ ಹುಡುಗರು ಕಾಂಪೌಂಡಿನ ಆಚೆ ಇದ್ದಾರೆ. ಉಳಿದಿದ್ದು ಗಂಟೆಗೆ ಇಷ್ಟು ಅಂತ ಬಾಡಿಗೆ ಕೇಳುವ ಟರ್ಫು. ಪೀಣ್ಯದ ಶೆಡ್ಡಿನಲ್ಲಿ ಮಷೀನು ನಡೆಸುವ ಹುಡುಗನಿಗೆ ಎಂಥ ಕಾಲಿದ್ದರೂ ಒಂದೇ, ಪ್ರಾಕ್ಟೀಸಿಗೆ ಅಂತ ರಜೆ ಹಾಕಿದರೆ ಆ ದಿನದ ಕೂಲಿ ಕಟ್. ನಾವೇನು ಕಮ್ಮಿಯಾ? ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸೆಕ್ಯುರಿಟಿಯವರ ಮಕ್ಕಳು ಒಳಗಿನ ಕೋರ್ಟಿನಲ್ಲಿ ಆಡಬಹುದಾ ಅನ್ನೋ ಪ್ರಶ್ನೆ ಮೂರು ದಿನ ಚರ್ಚೆಯಾಗಿ, 'ಲಯಬಿಲಿಟಿ' ಅನ್ನೋ ಒಂದು ಪದದಲ್ಲಿ ಮುಗಿದುಹೋಯಿತು.

"ಬೆಂಗಳೂರು ಎಫ್‌ಸಿ ಇದೆಯಲ್ಲ" ಅಂತ ಯಾರಾದರೂ ಹೇಳೇ ಹೇಳ್ತಾರೆ. ಇದೆ, 2013ರಲ್ಲಿ ಹುಟ್ಟಿ ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದ ಕ್ಲಬ್ಬು, ನಾನೂ ಕಂಠೀರವಕ್ಕೆ ಹೋಗಿ ಗಂಟಲು ಹರಿದುಕೊಂಡವನೇ. ಆದರೆ ಸಾಫ್ಟ್‌ವೇರ್ ರಾಜಧಾನಿಯ ಆ ಕ್ಲಬ್ಬಿಗೆ ದುಡ್ಡು ಹಾಕಿದ್ದು ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯು, ಐಟಿಯವರಲ್ಲ. ಮೇಲಾಗಿ ಒಂದು ಕ್ಲಬ್ಬು ಮೆಟ್ಟಿಲಿನ ತುದಿ ಮಾತ್ರ, ಕೆಳಗೆ ಹತ್ತು ಮೆಟ್ಟಿಲು ಬೇಕು. ಮೈಸೂರು ರಾಜ್ಯವಾಗಿದ್ದಾಗ ನಾವು ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದ್ದೆವು. ಅದರ ನಂತರದ ಗೆಲುವು ಬಂದಿದ್ದು 2023ರಲ್ಲಿ, 54 ವರ್ಷ ಕಾದು. ಆ ಗೆಲುವಿನ ಮಾರನೇ ದಿನ ನಮ್ಮ ಟೆಕ್ ಪಾರ್ಕಿನಲ್ಲಿ ಒಂದು ಸ್ಲ್ಯಾಕ್ ಮೆಸೇಜೂ ಓಡಾಡಲಿಲ್ಲ.

"ಇದು ಕಂಪನಿಗಳ ಕೆಲಸ ಅಲ್ಲ" ಅನ್ನೋದು ಇನ್ನೊಂದು ವಾದ. ಕಾನೂನು ಹಾಗೆ ಹೇಳಲ್ಲ ಸ್ವಾಮಿ. 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳು ಸರಾಸರಿ ಲಾಭದ 2% ಸಿಎಸ್‌ಆರ್‌ಗೆ ಖರ್ಚು ಮಾಡಬೇಕು ಅನ್ನುತ್ತೆ. ಖರ್ಚು ಮಾಡಬಹುದಾದ ಬಾಬ್ತುಗಳ ಪಟ್ಟಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿ ಸ್ಪಷ್ಟವಾಗಿದೆ. ಫುಟ್‌ಬಾಲ್ ಒಲಿಂಪಿಕ್ ಕ್ರೀಡೆ. ಉದ್ಯೋಗಿಗಳಿಗಷ್ಟೇ ಮಾಡಿದ ಖರ್ಚು ಆ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಇಂಟರ್-ಆಫೀಸ್ ಟೂರ್ನಮೆಂಟಿನ ಫೋಟೊ ಹಾಕಿ ಜಾರಿಕೊಳ್ಳೋಕೂ ಆಗಲ್ಲ.

ನಾನು ಕೇಳ್ತಿರೋದು ಸ್ಟೇಡಿಯಂ ಅಲ್ಲ. ಶನಿವಾರ, ಭಾನುವಾರ ಬೆಳಗ್ಗೆ ಕ್ಯಾಂಪಸ್ಸಿನ ಮೈದಾನದ ಗೇಟು ಅಕ್ಕಪಕ್ಕದ ಊರಿನ ಮಕ್ಕಳಿಗೆ ತೆರೆಯಲಿ. ಸಿಎಸ್‌ಆರ್ ದುಡ್ಡಿನಲ್ಲಿ ಅವರಿಗೊಬ್ಬ ಕೋಚ್ ಬರಲಿ. ಫೆಸಿಲಿಟೀಸ್, ಸಪೋರ್ಟ್, ಲಾಜಿಸ್ಟಿಕ್ಸ್, ಎಲ್ಲಾದರೂ ಸರಿ, ನಗರದ ಲೀಗ್ ಆಡುವ ಹುಡುಗ ಹುಡುಗಿಯರಿಗೆ ಕಂಪನಿಗೆ ಎರಡೇ ಎರಡು ಪೂರ್ಣ ಸಂಬಳದ ಕೆಲಸ, ಪ್ರಾಕ್ಟೀಸಿಗೆ ಬಿಡುವಿರುವ ಶಿಫ್ಟು ಸಿಗಲಿ. ಕಾರ್ಖಾನೆಯ ಮುದಿ ಮ್ಯಾನೇಜರುಗಳು ಲೆಡ್ಜರು ಹಿಡಿದು ಮಾಡಿದ ಕೆಲಸ ಇದು. ಜಗತ್ತಿನ ಬ್ಯಾಂಕುಗಳ ಲೆಕ್ಕ ನಡೆಸುವ ನಮಗೆ ಇದು ಕಷ್ಟ ಅಂದರೆ ಯಾರು ನಂಬ್ತಾರೆ?

ಮುಂದಿನ ಟೌನ್‌ಹಾಲಿನಲ್ಲಿ 'ಎನಿ ಕ್ವೆಶ್ಚನ್ಸ್?' ಅಂದಾಗ ಎಲ್ಲರೂ ಮ್ಯೂಟ್ ಆಗ್ತೀವಲ್ಲ, ಆಗ ಒಬ್ಬರು ಕೈ ಎತ್ತಿ. ನಮ್ಮ ಗ್ರೌಂಡು ವೀಕೆಂಡಿನಲ್ಲಿ ಯಾಕೆ ಖಾಲಿ ಬಿದ್ದಿರುತ್ತೆ ಅಂತ ಕೇಳಿ. ಎಚ್‌ಆರ್ 'ಲಯಬಿಲಿಟಿ' ಅಂದರೆ, ಅದರ ಖರ್ಚು ಎಷ್ಟು ಅಂತ ಇನ್ನೊಂದು ಪ್ರಶ್ನೆ ಕೇಳಿ. ಮಾಂಜುಕಿಚ್ ಜರ್ಸಿ ಹಾಕಿಕೊಂಡೇ ಕೇಳಿ, ಪರವಾಗಿಲ್ಲ.