ಊರಿನ ಹೆಸರು ಊರವರದ್ದು, ಕಚೇರಿಯದ್ದಲ್ಲ

ಬೋರ್ಡ್ ಬದಲಿಸಿದರೆ ಭಾಷೆ ಉಳಿಯಿತು ಎಂದು ಭಾಷಣ ಮಾಡುವವರನ್ನು ಒಮ್ಮೆ ಐರ್ಲೆಂಡಿನ ಡಿಂಗಲ್ ಊರಿಗೆ ಕಳಿಸಬೇಕು ಅನ್ನಿಸುತ್ತದೆ ನಮಗೆ. ಯಾಕೆ ಅಂತ ಹೇಳ್ತೀವಿ. ಅದಕ್ಕೂ ಮೊದಲು ಆ ದೇಶದ ಹೆಸರುಗಳ ಗತಿ ಏನಾಗಿತ್ತು ನೋಡಿ.

ಐರ್ಲೆಂಡಿನವರ ಸ್ವಂತ ಭಾಷೆ ಐರಿಶ್. 1824ರಲ್ಲಿ ಬ್ರಿಟಿಷರು ಇಡೀ ದೇಶವನ್ನು ಅಳೆಯಲು ಶುರು ಮಾಡಿದರು. (ಆ ಸರ್ವೆಗೆ ಮಾಡಿಸಿದ ಮಾದರಿಯ ಅಳತೆ ಸರಳುಗಳನ್ನೇ ಜಾರ್ಜ್ ಎವರೆಸ್ಟ್ ಭಾರತಕ್ಕೂ ತಂದರು. ಅವರಿಗೂ ನಮಗೂ ಅಷ್ಟು ನಂಟಿದೆ.) ಮೊದಲೇ ಇಂಗ್ಲಿಷ್ ಕಾಗದಪತ್ರಗಳಲ್ಲಿ ಸೊಟ್ಟಗಾಗಿದ್ದ ಹೆಸರುಗಳು ಆ ನಕ್ಷೆಯಲ್ಲಿ ಕಾಯಂ ಆದವು. ಐರಿಶ್‌ನಲ್ಲಿ 'ಕಿಲ್' ಅಂದರೆ ಚರ್ಚು. ಕಿಲ್ಡೇರ್ ಅಂದರೆ ಓಕ್ ಮರದ ಚರ್ಚು. ಇಂಗ್ಲಿಷ್ ಮಾತ್ರ ಬಲ್ಲವನಿಗೆ ಅಲ್ಲಿ ಕಾಣುವುದು ಕೊಲೆ!

ಅಕ್ಷರ ಕೆಟ್ಟಮೇಲೆ ಕಥೆಯೂ ಕಳಚಿ ಬೀಳುತ್ತದೆ. ಆರ್ಮಾ ಪಟ್ಟಣದ ಐರಿಶ್ ಹೆಸರಿಗೆ 'ಮಾಖಳ ದಿಬ್ಬ' ಎಂಬ ಅರ್ಥ. ಯಾರು ಈ ಮಾಖ? ಅವಳ ಗಂಡ ರಾಜನೆದುರು ಜಂಬ ಕೊಚ್ಚಿದ: ನನ್ನ ಹೆಂಡತಿ ನಿಮ್ಮ ಕುದುರೆಗಳಿಗಿಂತ ಜೋರಾಗಿ ಓಡುತ್ತಾಳೆ ಅಂತ. ತುಂಬು ಬಸುರಿಯನ್ನು ಎಳೆತಂದು ಓಡಿಸಿದರು. ಹೆರಿಗೆಯಾಗುವವರೆಗಾದರೂ ತಡೆಯಿರಿ ಎಂದು ಬೇಡಿಕೊಂಡಳು, ಯಾರೂ ಕೇಳಲಿಲ್ಲ. ಓಡಿ ಗೆದ್ದಳು, ಅಲ್ಲೇ ಅವಳಿ ಮಕ್ಕಳನ್ನು ಹೆತ್ತಳು. ನಿಮಗೆ ಕಷ್ಟ ಬಂದ ಹೊತ್ತಿನಲ್ಲೇ ಹೆರಿಗೆ ನೋವು ನಿಮ್ಮನ್ನು ಹಿಡಿಯಲಿ, ಒಂಬತ್ತು ತಲೆಮಾರು ಬಿಡದಿರಲಿ ಎಂದು ಆ ನಾಡಿನ ಗಂಡಸರಿಗೆ ಶಾಪ ಹಾಕಿದಳು. ಆರ್ಮಾದ ಪಕ್ಕದ ಹಳೆಯ ಕೋಟೆದಿಬ್ಬಕ್ಕೆ 'ಮಾಖಳ ಅವಳಿಗಳು' ಎಂಬ ಹೆಸರು ಬಂದದ್ದೇ ಹೀಗೆ ಎನ್ನುತ್ತದೆ ಕಥೆ. ಇಂಗ್ಲಿಷಿನಲ್ಲಿ ಅದು ಬರೀ 'ನ್ಯಾವನ್ ಫೋರ್ಟ್'. ತಾಯಿಯೂ ಇಲ್ಲ, ಮಕ್ಕಳೂ ಇಲ್ಲ.

ಎಲ್ಲ ತಪ್ಪನ್ನೂ ಸರ್ವೆಯ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಅದೇ ಸರ್ವೆಯ ಸಂಬಳ ತಿಂದ ಜಾನ್ ಒಡೊನೊವನ್ ಊರೂರು ತಿರುಗಿ, ಐರಿಶ್ ಬಲ್ಲ ಹಿರಿಯರನ್ನು ಕೇಳಿ, ಹೆಸರಿನ ಜೊತೆ ಕಥೆಯನ್ನೂ ಬರೆದಿಟ್ಟರು. ಅವರ ಪತ್ರಗಳು ಇಂದಿಗೂ ಇವೆ. ಊರವರನ್ನು ಕೇಳುವ ಆ ಬುದ್ಧಿ ಮುಂದೆ ಸ್ವಂತ ಸರ್ಕಾರಕ್ಕೇ ಇಲ್ಲದೆ ಹೋಯಿತು.

ಈಗ ಡಿಂಗಲ್‌ಗೆ ಬನ್ನಿ. ಇದು ಐರಿಶ್ ಮಾತಾಡುವ ಸೀಮೆ. 2005ರಲ್ಲಿ ಸರ್ಕಾರ ಇಂಗ್ಲಿಷ್ ಹೆಸರನ್ನು ತೆಗೆದು 'ಆನ್ ದಂಗನ್' ಅಂತ ಮಾಡಿತು. ಭಾಷಾಪ್ರೇಮ ಅಂದರೆ ಇದೇ ತಾನೆ? ಆದರೆ ಊರವರು ಸಿಟ್ಟಾದರು. ಪ್ರವಾಸಿಗಳಿಂದ ಬದುಕುವ ಊರು, ಪ್ರವಾಸಿಗಳಿಗೆ ಗೊತ್ತಿದ್ದದ್ದು ಡಿಂಗಲ್. ಐರಿಶ್‌ನಲ್ಲಿ ಅವರಿಗೆ ಬೇಕಾಗಿದ್ದದ್ದೂ 'ದಂಗನ್ ಈ ಖೂಶ್' ಎಂಬ ಪೂರ್ತಿ ಹೆಸರು. 2006ರ ಮತದಾನದಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮತ ಎರಡೂ ಹೆಸರು ಬೇಕು ಎಂಬುದಕ್ಕೇ ಬಿತ್ತು. ಕಾನೂನು ಅದನ್ನು ಒಪ್ಪಿದ್ದು 2011ರಲ್ಲಿ! ತಮ್ಮೂರ ಹೆಸರು ತಾವೇ ಇಟ್ಟುಕೊಳ್ಳಲು ಐದು ವರ್ಷ ಕಾಯಬೇಕಾಯಿತು.

ನಮ್ಮಲ್ಲೂ 2014ರಲ್ಲಿ 12 ಊರುಗಳ ಇಂಗ್ಲಿಷ್ ಸ್ಪೆಲ್ಲಿಂಗ್ ತಿದ್ದಿದರು. ಒಳ್ಳೆಯದೇ. ಆದರೆ ಕೆರೆ, ಗುಡ್ಡ, ಹೊಲದ ಹೆಸರುಗಳನ್ನು ಕಥೆ ಸಮೇತ ಬರೆದಿಡುವವರು ಯಾರು? ಸರ್ವೆ ನಂಬರ್ ಇದೆಯಲ್ಲ ಅನ್ನಬೇಡಿ. ಉತ್ತರ ಐರ್ಲೆಂಡಿನಲ್ಲಿ 1970ರ ದಶಕದಲ್ಲಿ ಅಂಚೆಯವರು ಅದನ್ನೇ ಹೇಳಿದ್ದರು. ಮನೆ ನಂಬರ್, ರಸ್ತೆ ಹೆಸರು, ಪೋಸ್ಟ್‌ಕೋಡ್ ಸಾಕು, ನೂರಾರು ವರ್ಷದ ಪುಟ್ಟ ಪುಟ್ಟ ಜಾಗದ ಹೆಸರುಗಳು ವಿಳಾಸದಲ್ಲಿ ಬೇಡ ಅಂತ. ಬಹಳ ಕಡೆ ಅದೇ ನಡೆದುಹೋಯಿತು. ಫರ್ಮಾನಾ ಜಿಲ್ಲೆಯವರು ಮಾತ್ರ ಹಟ ಹಿಡಿದು ಆ ಹೆಸರುಗಳನ್ನು ಉಳಿಸಿಕೊಂಡರು.