ಬಾರದ ವರದಿಗಳ ಲೆಕ್ಕ

ಅಜ್ಜಂಪುರದ ಸೀಮೆಯಲ್ಲಿ ಮಳೆಯ ಮಾತನ್ನಾಡುವವರು ಯಾವ ಊರಿನ ಮಳೆಯೆಂಬುದನ್ನೂ ಕೂಡಿಸಿ ಹೇಳಬೇಕಾಗುತ್ತದೆ. ಪಶ್ಚಿಮದಲ್ಲಿ, ತರೀಕೆರೆಯ ಆಚೆ, ಕೆಮ್ಮಣ್ಣುಗುಂಡಿಯ ಬೆಟ್ಟಗಳು ಮುಂಗಾರಿನ ಮೋಡಗಳನ್ನು ತಡೆದು ಸುರಿಸಿಕೊಳ್ಳುತ್ತವೆ. ಪೂರ್ವಕ್ಕೆ ಬಂದಂತೆ ನೆಲ ಬಯಲಾಗಿ, ಅಡಕೆಯ ತೋಟಗಳು ಹಿಂದುಳಿದು, ರಾಗಿ ಈರುಳ್ಳಿಗಳ ಹೊಲಗಳು ಮೊದಲಾಗುತ್ತವೆ. ಕಡೂರಿನ ಕಡೆಗೆ ತಿರುಗಿದರೆ ಆ ಬಯಲೂ ಒಣಗುತ್ತ ಹೋಗುತ್ತದೆ. ಒಂದೂರಿನ ಹಳ್ಳ ಹರಿದ ದಿನವೇ ಪಕ್ಕದೂರಿನ ಧೂಳು ಅಡಗದಿರುವುದು ಇಲ್ಲಿ ಸೋಜಿಗವೇನಲ್ಲ. ಇಂಥಲ್ಲಿ ತಾಲ್ಲೂಕಿಗೊಂದೇ ಮಳೆಮಾಪಕವನ್ನಿಟ್ಟು ಎಲ್ಲರ ಹೊಲದ ಮಳೆಯನ್ನು ಹೇಳುವುದು ಆಗದ ಮಾತು.

ಈ ಕೊರತೆಯನ್ನು ನೀಗಿಸಲೆಂದೇ, 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿ ಮುಂದೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂಬ ಹೆಸರು ಪಡೆದ ಸಂಸ್ಥೆಯು, ಗ್ರಾಮ ಪಂಚಾಯಿತಿಗೊಂದರಂತೆ ನಾಡಿನಲ್ಲೆಲ್ಲ 6,000ಕ್ಕೂ ಮಿಕ್ಕಿ ಸ್ವಯಂಚಾಲಿತ ಮಳೆಮಾಪಕಗಳನ್ನು ನೆಟ್ಟಿದೆ. ಬಿಸಿಲಿನಿಂದ ವಿದ್ಯುತ್ತನ್ನು ಪಡೆದು, 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಇವು ಬೆಂಗಳೂರಿಗೆ ವರದಿ ಕಳುಹಿಸುತ್ತವೆ. ಎಂದರೆ ದಿನಕ್ಕೆ ಮಾಪಕವೊಂದರಿಂದ 96 ವರದಿಗಳು. ಕಾರ್ಯ ಶ್ಲಾಘ್ಯವಾದುದು. ಅಡಕೆ, ಕಾಳುಮೆಣಸುಗಳಿಗೆ ಹವಾಮಾನಾಧಾರಿತ ಬೆಳೆವಿಮೆ ಮಾಡಿಸಿದ ರೈತನಿಗೆ ಪರಿಹಾರ ದೊರೆಯುವುದು ಅವನ ತೋಟವನ್ನು ನೋಡಿ ಅಲ್ಲ, ಮಾಪಕಗಳ ಅಂಕಿಗಳನ್ನು ನೋಡಿ. ಆದುದರಿಂದ ಬಂದ ವರದಿಗಳನ್ನು ಕೂಡಿಸುವಷ್ಟೇ ಶ್ರದ್ಧೆಯಿಂದ ಬಾರದ ವರದಿಗಳನ್ನೂ ಎಣಿಸಬೇಕೆಂದು ನಾವು ವಾದಿಸುತ್ತೇವೆ. ಈ ಎಣಿಕೆ ತೋರುವಷ್ಟು ಸುಲಭವಲ್ಲ.

ನಿಸ್ತಂತು ಸಂವೇದಕ ಜಾಲದಲ್ಲಿ ಪ್ರತಿಯೊಂದು ಘಟಕವೂ ತಾನು ಅಳೆದುದನ್ನು ಸಣ್ಣ ಸಣ್ಣ ಕಂತೆಗಳಾಗಿ ರೇಡಿಯೋ ಮೂಲಕ ಕಳುಹಿಸುತ್ತದೆ. ಕಂತೆಗೆ ಪ್ಯಾಕೆಟ್ ಎಂದೂ ಘಟಕಕ್ಕೆ ನೋಡ್ ಎಂದೂ ಹೆಸರು. (ಕನ್ನಡದ ಕಿವಿಗೆ ‘ನೋಡು’ ಎಂದಂತೆ ಕೇಳಿಸುವ ಈ ಹೆಸರು ಅದರ ಕೆಲಸಕ್ಕೆ ಒಪ್ಪಿಯೇ ಇದೆ.) ಕಳುಹಿಸುವ ಘಟಕ ಪ್ರತಿ ಪ್ಯಾಕೆಟ್ಟಿನ ಮೇಲೂ ಕ್ರಮಸಂಖ್ಯೆಯೊಂದನ್ನು ಹಾಕುತ್ತದೆ. 42ರ ಬಳಿಕ 45 ಬಂದರೆ ನಡುವಿನ ಎರಡು ಕಳೆದುಹೋದುವೆಂದು ತಿಳಿಯುತ್ತದೆ. ಸಾಮಾನ್ಯವಾಗಿ ನಷ್ಟವನ್ನು ಅಳೆಯುವ ಕ್ರಮ ಇದೇ. ಘಟಕಗಳೆಲ್ಲ ಬದುಕಿರುವವರೆಗೆ ಇದು ಸರಿಯಾಗಿಯೇ ನಡೆಯುತ್ತದೆ.

ಘಟಕವೊಂದು ಸತ್ತಾಗ ಏನಾಗುತ್ತದೆಂಬುದನ್ನು ನೋಡೋಣ. ಹತ್ತು ಘಟಕಗಳ ಜಾಲವೊಂದನ್ನು ಕಲ್ಪಿಸಿಕೊಳ್ಳಿ. ಒಂದು ದಿನದಲ್ಲಿ ಒಂಬತ್ತು ಘಟಕಗಳು ತಲಾ 96 ಪ್ಯಾಕೆಟ್ಟುಗಳನ್ನು ಕಳುಹಿಸಿ, ತಲಾ 4 ದಾರಿಯಲ್ಲಿ ಕಳೆದುವು. ಹತ್ತನೆಯದು 24 ಪ್ಯಾಕೆಟ್ಟುಗಳನ್ನು ಲೋಪವಿಲ್ಲದೆ ಮುಟ್ಟಿಸಿ, ಬೆಳಗಿನ 6 ಗಂಟೆಗೆ ಬ್ಯಾಟರಿ ತೀರಿ ಸುಮ್ಮನಾಯಿತು. ಕ್ರಮಸಂಖ್ಯೆಗಳ ನಡುವಣ ತೆರವುಗಳನ್ನಷ್ಟೇ ಎಣಿಸಿದರೆ, ಕಳುಹಿಸಿದುವು 888, ಬಂದುವು 852, ನಷ್ಟ ಶೇಕಡ 4. ಸತ್ತ ಘಟಕ ಈ ಲೆಕ್ಕದಲ್ಲಿ ಒಂದು ಪ್ಯಾಕೆಟ್ಟನ್ನೂ ಕಳೆಯದ ಆದರ್ಶ ಘಟಕವಾಗಿ ಕಾಣುತ್ತದೆ! ಗಡಿಯಾರವನ್ನು ನೋಡಿ, ಬರಬೇಕಾಗಿದ್ದುವು 960 ಎಂದು ಹಿಡಿದರೆ ನಷ್ಟ ಶೇಕಡ 11ನ್ನು ಮೀರುತ್ತದೆ. ಮೊದಲನೆಯದು ಗಾಳಿಯಲ್ಲಿ ಆದ ನಷ್ಟ, ಎರಡನೆಯದು ಗಾಳಿಯ ನಷ್ಟದೊಡನೆ ಸಾವಿನ ನಷ್ಟವೂ ಸೇರಿದ್ದು. ಎರಡೂ ಬೇಕು, ಮೊದಲನೆಯದನ್ನು ಎರಡನೆಯದರ ಜಾಗದಲ್ಲಿ ಕೂರಿಸುವುದು ಮಾತ್ರ ತಪ್ಪು.

ಸತ್ತು ಮತ್ತೆ ಎದ್ದ ಘಟಕ ಇನ್ನೂ ತೊಡಕಿನದು. ಅದು ಎಣಿಕೆಯನ್ನು ಮತ್ತೆ 1ರಿಂದ ಆರಂಭಿಸಿದರೆ, ಹಳೆಯ ಪ್ಯಾಕೆಟ್ಟೇ ಎರಡನೆಯ ಸಲ ಬಂದಿತೆಂದು ಬಗೆದು ಗ್ರಾಹಕ ಯಂತ್ರವು ಅದನ್ನು ಎಸೆದುಬಿಡಬಹುದು. ಎಷ್ಟನೆಯ ಸಲ ಎದ್ದೆನೆಂಬುದನ್ನೂ ಘಟಕವು ಪ್ಯಾಕೆಟ್ಟಿನಲ್ಲಿ ಬರೆದು ಕಳುಹಿಸಿದರೆ ಈ ಗೊಂದಲ ತಪ್ಪುತ್ತದೆ.

ಪಂಚಾಯಿತಿಯ ಮಳೆಮಾಪಕ ನೇರವಾಗಿ ಕೇಂದ್ರದೊಡನೆ ಮಾತನಾಡುವುದರಿಂದ ಒಂದರ ಸಾವು ಒಂದರದೇ ಆಗಿ ಉಳಿಯುತ್ತದೆ. ಘಟಕಗಳು ಒಂದರ ಮೂಲಕ ಒಂದು ಸುದ್ದಿ ದಾಟಿಸುವ ಜಾಲಗಳಲ್ಲಿ ಹಾಗಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ತಾಂತ್ರಿಕ ವಿದ್ಯಾಸಂಸ್ಥೆಯೂ ಕೂಡಿ, ಪಾವಗಡ ತಾಲ್ಲೂಕಿನ ಚನ್ನಕೇಶವಪುರದ ಒಣಬೇಸಾಯದ ಹೊಲಗಳಲ್ಲಿ ಮಣ್ಣಿನ ತೇವವನ್ನಳೆಯಲು ನಿಸ್ತಂತು ಜಾಲವೊಂದನ್ನು ಹೂಡಿದುವು. ಸುದ್ದಿ ದಾಟಿಸುವ ಜಾಲದಲ್ಲಿ ಒಂದೊಂದು ಹೆಜ್ಜೆಯಲ್ಲಿ 100ಕ್ಕೆ 95 ಪ್ಯಾಕೆಟ್ಟುಗಳು ದಾಟಿದರೂ ನಾಲ್ಕು ಹೆಜ್ಜೆಗಳ ಕೊನೆಗೆ ಉಳಿಯುವುವು 81 ಮಾತ್ರ. ನಡುವಿನದೊಂದು ಸತ್ತರಂತೂ, ಬೇರೆ ದಾರಿ ಸಿಗುವವರೆಗೆ ಅದರ ಹಿಂದಿನವೆಲ್ಲ ಬದುಕಿದ್ದೂ ಮೂಕವಾಗುತ್ತವೆ. ಹಲವು ಘಟಕಗಳು ಒಂದೇ ಗಳಿಗೆಯಲ್ಲಿ ಮೌನವಾದರೆ, ಎಲ್ಲವೂ ಕೆಟ್ಟುವೆಂದು ಭಾವಿಸುವ ಮೊದಲು ಅವುಗಳ ಮುಂದೆ ನಿಂತಿದ್ದುದನ್ನು ಹೋಗಿ ನೋಡಬೇಕು.

ಹಾಲೆಂಡಿನ ಡೆಲ್ಫ್ಟ್ ನಗರದ ಸಂಶೋಧಕರು ಆಲೂಗಡ್ಡೆಯ ಹೊಲವೊಂದರಲ್ಲಿ ಸುಮಾರು ನೂರು ಘಟಕಗಳ ಜಾಲವನ್ನು ಹರಡಿ, ನಿರೀಕ್ಷಿಸಿದ ಮಾಹಿತಿಯಲ್ಲಿ ಶೇಕಡ 2ರಷ್ಟನ್ನು ಮಾತ್ರ ಪಡೆದರು. 2006ರಲ್ಲಿ ಅವರು ಅದನ್ನು ಮುಚ್ಚಿಡದೆ, ಎಲ್ಲೆಲ್ಲಿ ಎಡವಿದೆವೆಂಬುದನ್ನು ವಿವರವಾಗಿ ಪ್ರಕಟಿಸಿದರು. ಯಶಸ್ವಿಯಾದ ಎಷ್ಟೋ ಪ್ರಯೋಗಗಳ ವರದಿಗಿಂತ ಆ ಪ್ರಬಂಧವೇ ಮುಂದಿನವರಿಗೆ ಹೆಚ್ಚು ಉಪಕಾರ ಮಾಡಿತೆಂದು ನಮ್ಮ ಎಣಿಕೆ.

ಶೇಕಡ ಇಷ್ಟು ನಷ್ಟ ಎಂಬ ಒಂದೇ ಅಂಕಿಯಿಂದಲೂ ತೃಪ್ತರಾಗಬಾರದು. ನಷ್ಟ ಯಾವಾಗ ಆಯಿತು? ದಿನಗಟ್ಟಲೆ ಮೋಡ ಕವಿದಾಗ ಬಿಸಿಲಿನ ಫಲಕಕ್ಕೆ ಬೆಳಕು ಸಾಲದು, ಬ್ಯಾಟರಿ ಇಳಿಯುತ್ತದೆ. ಗುಡುಗು ಗಾಳಿಗಳಲ್ಲಿ ಊರಿನ ಮೊಬೈಲ್ ಗೋಪುರಕ್ಕೂ ವಿದ್ಯುತ್ತು ತಪ್ಪಬಹುದು. ಹೀಗೆ ಮಳೆ ಸುರಿಯುವ ದಿನಗಳಲ್ಲೇ ಮಳೆಯ ಸುದ್ದಿ ಕಳೆಯುವ ಸಂಭವ ಹೆಚ್ಚು. ಬಂದ ವರದಿಗಳ ಸರಾಸರಿಯಿಂದ ಬಾರದವನ್ನು ತುಂಬಿಸಿದರೆ ಊರಿನ ಮಳೆ ಕಾಗದದ ಮೇಲೆ ಕಡಿಮೆಯಾಗುತ್ತದೆ. ಬಾರದ ಕಡೆಯಲ್ಲಿ ಸೊನ್ನೆ ಬರೆದರೆ ಕೇಳುವುದೇ ಬೇಡ. ಅತಿವೃಷ್ಟಿಯಿಂದ ಅಡಕೆಗೆ ಕೊಳೆರೋಗ ತಗುಲಿದವನಿಗೆ ಇದು ಬರಿಯ ಗಣಿತದ ತಕರಾರಲ್ಲ.

ಇದಕ್ಕೆ ಅಗ್ಗದ ಉಪಾಯವೊಂದುಂಟು. ಕಳೆದ 15 ನಿಮಿಷಗಳ ಮಳೆಯನ್ನಷ್ಟೇ ಹೇಳದೆ, ಆರಂಭದಿಂದ ಈವರೆಗಿನ ಒಟ್ಟು ಮಳೆಯನ್ನೂ ಮಾಪಕ ಪ್ರತಿ ಸಲ ಹೇಳುತ್ತಿದ್ದರೆ, ಹತ್ತು ಪ್ಯಾಕೆಟ್ಟು ಕಳೆದರೂ ಹನ್ನೊಂದನೆಯದು ಒಟ್ಟನ್ನು ಒಪ್ಪಿಸುತ್ತದೆ. ಆದರೆ ಲಾಳಿಕೆಯಲ್ಲಿ ಎಲೆ ಸಿಕ್ಕಿಯೋ ಜೇಡ ಬಲೆ ಹೆಣೆದೋ ನೀರು ಇಳಿಯದ ಮಾಪಕಕ್ಕೆ ಈ ಮದ್ದೂ ನಾಟದು. ಅದು 96 ಸಲವೂ ತಪ್ಪದೆ ಸೊನ್ನೆಯನ್ನು ಕಳುಹಿಸುತ್ತದೆ, ಪ್ಯಾಕೆಟ್ ನಷ್ಟ ಏನೂ ಇಲ್ಲ! ನೆರೆಯ ಮಾಪಕಗಳೊಡನೆ ಹೋಲಿಸಿದಲ್ಲದೆ ಈ ಸುಳ್ಳು ಹೊರಬೀಳದು. ಒಂದೂರಿಗೆ ಮಳೆ ಬಂದು ಪಕ್ಕದೂರಿಗೆ ಬಾರದ ಅಜ್ಜಂಪುರದಂಥ ಸೀಮೆಯಲ್ಲಿ ಆ ಹೋಲಿಕೆಯೂ ಸಂದೇಹಾಸ್ಪದ. ಅಲ್ಲಿ ಮನುಷ್ಯನೊಬ್ಬ ಹೋಗಿ ಲಾಳಿಕೆಯನ್ನು ಇಣುಕಿ ನೋಡಲೇಬೇಕು.

ಯಾವ ಜಾಲವೇ ಆಗಲಿ, ಮಳೆಯ ಅಂಕಿಯ ಪಕ್ಕದಲ್ಲಿಯೇ ಆ ದಿನ ಬರಬೇಕಾಗಿದ್ದ ವರದಿಗಳೆಷ್ಟು, ಬಂದುವೆಷ್ಟು, ಮಾಪಕ ಯಾವ ಗಂಟೆಯಿಂದ ಯಾವ ಗಂಟೆಯವರೆಗೆ ಮೌನವಾಗಿತ್ತು ಎಂಬುದನ್ನೂ ರೈತನ ಕಣ್ಣಿಗೆ ಬೀಳುವಂತೆ ಅಚ್ಚುಹಾಕಬೇಕೆಂಬುದು ನಮ್ಮ ಒತ್ತಾಯ. ಇದರಿಂದ ಸಂಸ್ಥೆಯ ಗೌರವಕ್ಕೆ ಕುಂದು ಬರುವುದೆಂಬ ಅಂಜಿಕೆಯನ್ನು ನಾವು ಒಪ್ಪುವುದಿಲ್ಲ.

ವಿದ್ಯಾರ್ಥಿಗಳು ಇದನ್ನು ಪ್ರಯೋಗಶಾಲೆಯಲ್ಲಿಯೇ ಪರೀಕ್ಷಿಸಬಹುದು. ಅಗ್ಗದ ರೇಡಿಯೋ ಫಲಕಗಳು ನಾಲ್ಕೈದಿದ್ದರೆ ಸಾಕು. ಅವು ನಿಮಿಷಕ್ಕೊಮ್ಮೆ ಸುದ್ದಿ ಕಳುಹಿಸುವಂತೆ ಮಾಡಿ, ನಡುವೆ ಒಂದರ ಬ್ಯಾಟರಿಯನ್ನು ಕಿತ್ತು, ನಷ್ಟವನ್ನು ಮೇಲಿನ ಎರಡು ಬಗೆಯಲ್ಲಿಯೂ ಲೆಕ್ಕಹಾಕಿ ನೋಡಲಿ. ಯಾವುದರ ಬ್ಯಾಟರಿಯನ್ನು ಯಾವಾಗ ಕಿತ್ತರೆಂಬುದನ್ನು ಲೆಕ್ಕಮಾಡುವವನಿಗೆ ಮೊದಲೇ ಹೇಳದಿದ್ದರೆ ಒಳ್ಳೆಯದು.